ಫ್ರೇಮ್ ಇರುವ ಅಕ್ವೇರಿಯಂಗೆ ಕೋಡಿ ಕಟ್ಟುವುದು: ಓವರ್‌ಫ್ಲೋ ಬಾಕ್ಸ್ ಕೂರಿಸುವ ಪೂರ್ತಿ ಕೆಲಸ

ಕೆರೆಯಿಂದ ನೀರು ಹೊರಗೆ ಹೋಗಲು ಎರಡು ದಾರಿ. ಒಂದು ತೂಬು, ಇನ್ನೊಂದು ಕೋಡಿ. ತೂಬು ಎತ್ತಿದರೆ ನೀರು ಬಿಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಕೋಡಿಗೆ ಯಾರ ಅಪ್ಪಣೆಯೂ ಬೇಡ. ನೀರು ಅದರ ಮಟ್ಟ ದಾಟಿದರೆ ಹರಿಯುತ್ತದೆ, ಇಳಿದರೆ ತಾನೇ ನಿಲ್ಲುತ್ತದೆ. ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ. 89 ವರ್ಷ ಸುಮ್ನೆ ಒಣಗಿ ನಿಂತಿದ್ದ ಕೋಡಿ, ನೀರು 130 ಅಡಿ ದಾಟಿದ ಕೂಡಲೇ ತನ್ನ ಕೆಲಸ ತಾನು ಮಾಡಿತು. ನೋಡಲು ಜಾತ್ರೆಯ ಹಾಗೆ ಜನ ಹೋದರು, ನಾನೂ ಹೋಗಿದ್ದೆ.

ಅಕ್ವೇರಿಯಂನ ಓವರ್‌ಫ್ಲೋ ಬಾಕ್ಸ್ ಅಂದರೆ ಇದೇ ಕೋಡಿ. ಮೇಲಿನ ತೊಟ್ಟಿಯಲ್ಲಿ ಮೀನು, ಕೆಳಗೆ ಸ್ಟ್ಯಾಂಡಿನೊಳಗೆ ಇನ್ನೊಂದು ತೊಟ್ಟಿ. ಆ ಕೆಳಗಿನದನ್ನು ಸಂಪ್ ಅನ್ನುತ್ತಾರೆ. ಹೆಚ್ಚಾದ ನೀರು ಕೋಡಿ ದಾಟಿ ಸಂಪ್‌ಗೆ ಇಳಿಯುತ್ತದೆ, ಅಲ್ಲಿ ಸ್ಪಂಜು, ಕಲ್ಲು, ಫಿಲ್ಟರ್ ಎಲ್ಲ ದಾಟುತ್ತದೆ, ಪಂಪ್ ಅದನ್ನು ಮತ್ತೆ ಮೇಲೆ ತಳ್ಳುತ್ತದೆ. ಮನೆ ಅಂಗಳದ ಸಂಪ್‌ನಿಂದ ಸಿಂಟೆಕ್ಸ್‌ಗೆ ನೀರು ಏರಿಸುವ ಲೆಕ್ಕವೇ. ವ್ಯತ್ಯಾಸ ಏನೆಂದರೆ ಇಲ್ಲಿ ಸಿಂಟೆಕ್ಸ್ ಹಗಲೂ ರಾತ್ರಿ ತುಂಬಿ ಚೆಲ್ಲುತ್ತಲೇ ಇರಬೇಕು.

ಒಂದು ತೊಡಕು ಇದೆ. ಕೆರೆಯ ಕೋಡಿ ಏರಿಯ ಪಕ್ಕದಲ್ಲೇ ತೆರೆದುಕೊಂಡಿರುತ್ತದೆ. ನಮ್ಮ ಗಾಜಿನ ತೊಟ್ಟಿಗೆ ಅಂಥ ಬಾಯಿ ಇಲ್ಲ. ಏರಿ ಒಡೆಯಬೇಕು, ಅಂದರೆ ಗಾಜಿಗೆ ತೂತು ಹೊಡೆಯಬೇಕು. ಇಲ್ಲವೇ ನೀರನ್ನು ಏರಿ ಹತ್ತಿಸಿ ಆಚೆ ಇಳಿಸಬೇಕು. ಈ ಬರಹ ಎರಡನೇ ದಾರಿಯದು. ಅದೂ ಮೇಲಂಚಿಗೆ ಕಪ್ಪು ಪ್ಲಾಸ್ಟಿಕ್ ಫ್ರೇಮ್ ಇರುವ ತೊಟ್ಟಿಗೆ. ಈ ಫ್ರೇಮ್ ನೋಡಲು ಸಣ್ಣದು, ಆದರೆ ನನ್ನ ಹಾಲ್ ಪೂರ್ತಿ ಒದ್ದೆ ಮಾಡಿಸಿದ್ದು ಅದೇ. ಆ ಕತೆ ಮುಂದೆ ಬರುತ್ತದೆ.

ತೂತು ಹೊಡೆಯೋದೋ, ನೇತು ಹಾಕೋದೋ?

ನೇರವಾಗಿ ಹೇಳುತ್ತೇನೆ. ತೊಟ್ಟಿ ಇನ್ನೂ ಖಾಲಿ ಇದ್ದರೆ, ಗಾಜು ಸಾದಾ ಗಾಜಾಗಿದ್ದರೆ, ತೂತು ಹೊಡೆಸುವುದೇ ಒಳ್ಳೆಯದು. ಅದರಲ್ಲಿ ನೀರನ್ನು ಗಾಜಿನ ಮೇಲೆ ಹತ್ತಿಸಿ ಇಳಿಸುವ ಸೈಫನ್ ಪೈಪ್ ಇಲ್ಲ, ಗಾಳಿ ಸಿಕ್ಕಿಕೊಳ್ಳುವ ಭಯ ಇಲ್ಲ. ಆದರೆ ಟೆಂಪರ್ಡ್ ಗಾಜಿಗೆ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿಗೆ, ಡ್ರಿಲ್ ತಾಗಿಸಿದರೆ ಪೂರ್ತಿ ಗಾಜು ಮಂಡಕ್ಕಿ ಹಾಗೆ ಪುಡಿಪುಡಿ. ಟೆಂಪರ್ಡ್ ಹೌದೋ ಅಲ್ಲವೋ ನೋಡಲು ಒಂದು ಉಪಾಯ ಇದೆ. ಗಾಜಿನ ಆ ಕಡೆ ಲ್ಯಾಪ್‌ಟಾಪ್ ಇಟ್ಟು ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ. ಈ ಕಡೆಯಿಂದ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಅದನ್ನು ಸ್ವಲ್ಪ ತಿರುಗಿಸುತ್ತಾ ನೋಡಿ. ಗಾಜಿನಲ್ಲಿ, ಅದರಲ್ಲೂ ಮೂಲೆಗಳ ಹತ್ತಿರ, ಕಪ್ಪು ಪಟ್ಟೆಗಳು ಅಥವಾ ಮಚ್ಚೆಗಳು ಕಂಡರೆ ಅದು ಟೆಂಪರ್ಡ್.

ನನ್ನ ತೊಟ್ಟಿ ಆಗಲೇ ತುಂಬಿತ್ತು. ಒಳಗೆ ಏಂಜೆಲ್ ಮೀನುಗಳಿದ್ದವು, ಬೇರು ಬಿಟ್ಟ ಗಿಡಗಳಿದ್ದವು. ಹಾಗಾಗಿ ನೇತು ಹಾಕುವ ಬಾಕ್ಸನ್ನೇ ಆರಿಸಿಕೊಂಡೆ. ಫ್ರೇಮ್ ಕಿತ್ತು ಬಿಸಾಡಿ ಅಂತ ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ. ಅದು ಬರೀ ಅಲಂಕಾರ ಅಲ್ಲ. ನೀರಿನ ಒತ್ತಡಕ್ಕೆ ಗಾಜಿನ ಮೇಲ್ಭಾಗ ಹೊರಗೆ ಉಬ್ಬದಂತೆ ಹಿಡಿದಿಡುವುದು ಆ ಫ್ರೇಮ್. ನಡುವೆ ಅಡ್ಡಪಟ್ಟಿ ಇದ್ದರಂತೂ ಅದನ್ನು ಕತ್ತರಿಸುವ ಯೋಚನೆಯನ್ನೇ ಮಾಡಬೇಡಿ.

ಬಾಕ್ಸ್ ಒಳಗೆ ಏನು ನಡೆಯುತ್ತದೆ

ಟ್ರ್ಯಾಕ್ಟರ್ ಟ್ಯಾಂಕಿನಿಂದ ಪೈಪ್ ಹಾಕಿ ಡೀಸೆಲ್ ಎಳೆಯುವುದನ್ನು ನೋಡಿರುತ್ತೀರಿ. ಒಮ್ಮೆ ಬಾಯಿಂದ ಎಳೆದು ಬಿಟ್ಟರೆ ಸಾಕು, ಆಮೇಲೆ ಅದೇ ಹರಿಯುತ್ತದೆ. ಅದೇ ಸೈಫನ್. ಆದರೆ ಡೀಸೆಲ್ ಎಳೆಯುವ ಪೈಪ್‌ಗೆ ಎಲ್ಲಿ ನಿಲ್ಲಬೇಕು ಅನ್ನೋದು ಗೊತ್ತಿಲ್ಲ. ಟ್ಯಾಂಕ್ ಖಾಲಿಯಾಗಿ ಗಾಳಿ ನುಗ್ಗಿದಾಗಷ್ಟೇ ನಿಲ್ಲುತ್ತದೆ. ಓವರ್‌ಫ್ಲೋ ಬಾಕ್ಸ್‌ನ ಜಾಣತನ ಇರುವುದು ಇಲ್ಲಿ: ನೀರು ನಿಲ್ಲಬೇಕು, ಆದರೆ ಸೈಫನ್ ಸಾಯಬಾರದು.

ಅದಕ್ಕೆ ಎರಡು ಡಬ್ಬಿ ಬೇಕು. ಒಂದು ತೊಟ್ಟಿಯ ಒಳಗೆ, ಇನ್ನೊಂದು ಹೊರಗೆ. ಒಳ ಡಬ್ಬಿಯ ಮೇಲಂಚಿಗೆ ಬಾಚಣಿಗೆಯಂಥ ಹಲ್ಲುಗಳಿರುತ್ತವೆ. ಆ ಹಲ್ಲುಗಳ ಬುಡವೇ ಕೋಡಿ. ತೊಟ್ಟಿಯ ಮೇಲ್ಮೈ ನೀರು ಹಲ್ಲುಗಳ ಸಂದಿನಿಂದ ಒಳ ಡಬ್ಬಿಗೆ ಬೀಳುತ್ತದೆ. ಅಲ್ಲಿಂದ ತಲೆಕೆಳಗಾದ ಯು ಆಕಾರದ ಪೈಪ್ ಅದನ್ನು ಗಾಜಿನ ಮೇಲೆ ಹತ್ತಿಸಿ ಹೊರ ಡಬ್ಬಿಗೆ ಇಳಿಸುತ್ತದೆ. ಹೊರ ಡಬ್ಬಿಯಲ್ಲಿ ಒಂದು ಅಡ್ಡಗೋಡೆ. ಗೋಡೆ ದಾಟಿದ ನೀರು ಮಾತ್ರ ಕೆಳಗಿನ ಪೈಪ್‌ಗೆ ಬಿದ್ದು ಸಂಪ್‌ಗೆ ಹೋಗುತ್ತದೆ.

ಕರೆಂಟ್ ಹೋಯ್ತು ಅಂದುಕೊಳ್ಳಿ. ಪಂಪ್ ನಿಂತಿತು. ತೊಟ್ಟಿಯ ನೀರು ಹಲ್ಲಿನ ಬುಡಕ್ಕೆ ಇಳಿದು ನಿಂತಿತು. ಒಳ ಡಬ್ಬಿಗೆ ಹೊಸ ನೀರು ಇಲ್ಲ. ಯು ಪೈಪ್ ಎಳೆಯುತ್ತಾ ಎಳೆಯುತ್ತಾ ಒಳ ಡಬ್ಬಿಯ ನೀರು ಹೊರ ಡಬ್ಬಿಯ ಅಡ್ಡಗೋಡೆಯ ಮಟ್ಟಕ್ಕೆ ಬರುತ್ತದೆ. ಎರಡೂ ಕಡೆ ಮಟ್ಟ ಸಮ ಆದಾಗ ಹರಿವು ನಿಲ್ಲುತ್ತದೆ. ಪೈಪಿನ ಎರಡೂ ತುದಿ ಇನ್ನೂ ನೀರಿನಲ್ಲೇ ಮುಳುಗಿವೆ, ಹಾಗಾಗಿ ಪೈಪ್ ತುಂಬಿಯೇ ಇದೆ. ಕರೆಂಟ್ ಬಂದಾಗ ತೊಟ್ಟಿಯ ನೀರು ಮತ್ತೆ ಹಲ್ಲು ದಾಟುತ್ತದೆ, ಸೈಫನ್ ತಾನಾಗಿಯೇ ಶುರು.

ಇದರಲ್ಲಿ ನೆನಪಿಡಬೇಕಾದ ಅಳತೆ ಎರಡೇ. ಹೊರ ಡಬ್ಬಿಯ ಅಡ್ಡಗೋಡೆ ಹಲ್ಲಿನ ಬುಡಕ್ಕಿಂತ ಒಂದರಿಂದ ಒಂದೂವರೆ ಇಂಚು ಕೆಳಗೆ ಇರಬೇಕು. ಯು ಪೈಪಿನ ತುದಿಗಳು ಆ ಅಡ್ಡಗೋಡೆಯ ಮಟ್ಟಕ್ಕಿಂತ ಕನಿಷ್ಠ 2 ಇಂಚು ಕೆಳಗೆ ಇರಬೇಕು. ಇವೆರಡೂ ಸರಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಫ್ರೇಮ್ ಕೆಡಿಸುವುದು ಈ ಎರಡನೇ ಅಳತೆಯನ್ನು.

ಕೊಳ್ಳುವ ಮೊದಲು ಟೇಪ್ ಹಿಡಿಯಿರಿ

ಫ್ರೇಮ್‌ನ ಮೂರು ಅಳತೆ ಬರೆದುಕೊಳ್ಳಿ: ಎತ್ತರ ಎಷ್ಟು, ಗಾಜಿನಿಂದ ಹೊರಗೆ ಎಷ್ಟು ಚಾಚಿದೆ, ಒಳಗೆ ಎಷ್ಟು ಚಾಚಿದೆ. ಒಳಗೆ ಮುಚ್ಚಳ ಕೂರಲು ಒಂದು ತುಟಿ ಇರುತ್ತದಲ್ವಾ, ಅದನ್ನೂ ಸೇರಿಸಿ. ನನ್ನದರಲ್ಲಿ ಎತ್ತರ 1 ಇಂಚು, ಹೊರಗೆ 5 ಮಿಲಿಮೀಟರ್, ಒಳಗೆ 12 ಮಿಲಿಮೀಟರ್. ಬಾಕ್ಸ್‌ನ ಒಳ ಡಬ್ಬಿ ಮತ್ತು ಹೊರ ಡಬ್ಬಿಯ ನಡುವಿನ ಸಂದು ಈ ಒಟ್ಟು ದಪ್ಪಕ್ಕಿಂತ ಜಾಸ್ತಿ ಇರಬೇಕು. ಎಷ್ಟೋ ಬಾಕ್ಸ್‌ಗಳು ಬರೀ ಗಾಜಿನ ದಪ್ಪ ಲೆಕ್ಕ ಹಾಕಿ ಮಾಡಿದವು. ಫ್ರೇಮ್ ಮೇಲೆ ಅವು ಕೂರುವುದೇ ಇಲ್ಲ.

ಆಮೇಲೆ ಗೋಡೆ. ತೊಟ್ಟಿಯ ಹಿಂದೆ ಹೊರ ಡಬ್ಬಿಗೆ ಐದಾರು ಇಂಚು ಜಾಗ ಬೇಕು. ಇದನ್ನು ಮರೆತು ಬಾಕ್ಸ್ ತಂದರೆ ಕಷ್ಟ. ನನ್ನ 36 ಇಂಚು ಉದ್ದ, 15 ಇಂಚು ಅಗಲ, 18 ಇಂಚು ಎತ್ತರದ ತೊಟ್ಟಿಯಲ್ಲಿ ನೀರೇ ಸುಮಾರು 160 ಕೆಜಿ. ಗಾಜು, ಕಲ್ಲು ಸೇರಿದರೆ 200 ದಾಟುತ್ತದೆ. ಇಬ್ಬರು ಹಿಡಿದು ಮುಂದೆ ಎಳೆಯುವ ಮಾತೇ ಅಲ್ಲ. ಎಳೆದರೆ ತಳದ ಗಾಜು ಬಿರುಕು ಬಿಡುತ್ತದೆ.

ನಮ್ಮ ಚಿತ್ರದುರ್ಗದಲ್ಲಿ ರೆಡಿಮೇಡ್ ಬಾಕ್ಸ್ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ದಾವಣಗೆರೆಗೆ ಹೋಗಿ ಹುಡುಕಬಹುದು, ಬೆಣ್ಣೆ ದೋಸೆಯೂ ಆಗುತ್ತದೆ. ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬಹುದು. ನಾನು ಮಾಡಿದ್ದು ಇನ್ನೊಂದು. ಅಂಗಡಿಗಳಿಗೆ ನಾಮಫಲಕ ಮಾಡಿಕೊಡುವವರ ಹತ್ತಿರ 5 ಮಿಲಿಮೀಟರ್ ಅಕ್ರಿಲಿಕ್ ಹಾಳೆ ಕತ್ತರಿಸಿ ಅಂಟಿಸಿಕೊಂಡೆ. ರಟ್ಟಿನಲ್ಲಿ ಮಾದರಿ ಮಾಡಿ ಕೊಟ್ಟರೆ ಅವರಿಗೂ ಅರ್ಥವಾಗುತ್ತದೆ. ಅಕ್ರಿಲಿಕ್ ಮೇಲೆ ಸಿಲಿಕಾನ್ ನೆಚ್ಚಿಕೊಳ್ಳಬೇಡಿ, ಅದು ಗಾಜಿಗೆ ಹಿಡಿದಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಅಕ್ರಿಲಿಕ್‌ಗೆ ಅದರದೇ ಅಂಟು ಇದೆ, ಅದನ್ನೇ ಹಾಕಿಸಿ.

ಉಳಿದದ್ದೆಲ್ಲ ಪ್ಲಂಬಿಂಗ್ ಅಂಗಡಿ ಸಾಮಾನು. ಒಂದು ಇಂಚಿನ ಪಿವಿಸಿ ಪೈಪ್, 45 ಡಿಗ್ರಿ ಬೆಂಡ್, ಮೂರು ಬಾಯಿಯ ಒಂದು ಟೀ, ಒಂದು ಕ್ಯಾಪ್, ಪೈಪ್ ಕ್ಲಾಂಪ್, ಟೆಫ್ಲಾನ್ ಟೇಪ್, ಸಾಲ್ವೆಂಟ್ ಸಿಮೆಂಟ್. ಹೊರ ಡಬ್ಬಿಯ ತಳಕ್ಕೆ ಬೇಕಾದ್ದನ್ನು ವಿದೇಶಿ ವಿಡಿಯೋಗಳಲ್ಲಿ ಬಲ್ಕ್‌ಹೆಡ್ ಅನ್ನುತ್ತಾರೆ. ಅದೇ ಹೆಸರು ಹೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಟ್ಯಾಂಕ್ ನಿಪ್ಪಲ್ ಅನ್ನಿ, ತಕ್ಷಣ ಕೊಡುತ್ತಾರೆ. ಸಿಂಟೆಕ್ಸ್‌ಗೆ ಹಾಕುವುದು ಅದೇ.

ಪಂಪ್ ಎಷ್ಟು ದೊಡ್ಡದು ಬೇಕು

ಗಂಟೆಗೆ ತೊಟ್ಟಿಯ ನೀರಿನ ನಾಲ್ಕೈದು ಪಟ್ಟು ಹರಿದರೆ ಸಾಕು. 160 ಲೀಟರ್‌ಗೆ ಅಂದರೆ 640ರಿಂದ 800 ಲೀಟರ್. ಡಬ್ಬದ ಮೇಲೆ 2000 ಅಂತ ಬರೆದ ಪಂಪ್ ನಾಲ್ಕಡಿ ಮೇಲೆ ಏರಿಸುವಾಗ 2000 ಕೊಡುವುದಿಲ್ಲ. ಆ ಅಂಕಿ ಎತ್ತರವೇ ಇಲ್ಲದಾಗಿನದು. ಗರಿಷ್ಠ ಎತ್ತರ 2 ಮೀಟರ್ ಅಂತ ಬರೆದಿದ್ದರೆ, 1.2 ಮೀಟರ್‌ಗೆ ಅದು ಅರ್ಧದ ಹತ್ತಿರಕ್ಕೋ ಅದಕ್ಕೂ ಕಡಿಮೆಗೋ ಇಳಿಯಬಹುದು. ಊಹೆ ಬೇಡ, ಬಕೆಟ್ ಹಿಡಿಯಿರಿ. 10 ಲೀಟರ್ ಬಕೆಟ್ 45 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 800 ಲೀಟರ್.

ಪಂಪ್ ತಳ್ಳುವುದಕ್ಕಿಂತ ಯು ಪೈಪ್ ಎಳೆಯುವ ತಾಕತ್ತು ಜಾಸ್ತಿ ಇರಬೇಕು, ಇದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದ ಮಾತು ಇನ್ನೊಂದಿದೆ. ಪೈಪ್ ತೀರಾ ದಪ್ಪ ಇದ್ದರೂ ತೊಂದರೆ. ನೀರು ನಿಧಾನಕ್ಕೆ ಹೋದರೆ ಸಣ್ಣ ಸಣ್ಣ ಗುಳ್ಳೆಗಳು ಪೈಪಿನ ನೆತ್ತಿಯಲ್ಲಿ ಕೂಡಿಕೊಳ್ಳುತ್ತವೆ. ವಾರದಲ್ಲಿ ಅದೇ ದೊಡ್ಡ ಗಾಳಿಗುಳ್ಳೆಯಾಗಿ ಸೈಫನ್ ಕಡಿಯುತ್ತದೆ. ನೀರು ರಭಸವಾಗಿ ಹೋದರೆ ಗುಳ್ಳೆಯನ್ನೂ ಎಳೆದುಕೊಂಡು ಹೋಗುತ್ತದೆ. 800 ಲೀಟರ್ ಹರಿವಿಗೆ 20ರಿಂದ 25 ಮಿಲಿಮೀಟರ್ ಒಳವ್ಯಾಸದ ಒಂದೇ ಪೈಪ್ ಸಾಕು.

ಫ್ರೇಮ್ ಮೇಲೆ ಕೂರಿಸುವುದು

ಮೊದಲು ಹೀಟರ್, ಪಂಪ್ ಎಲ್ಲದರ ಪ್ಲಗ್ ಕೀಳಿ. ತೊಟ್ಟಿಯಿಂದ ಮೂರು ಇಂಚು ನೀರು ತೆಗೆದು ಬಕೆಟ್‌ಗಳಲ್ಲಿ ಇಟ್ಟುಕೊಳ್ಳಿ. ನೀರು ತೆಗೆಯುವ ಮೊದಲೇ ಹೀಟರ್ ಪ್ಲಗ್ ಕೀಳಬೇಕು, ಇಲ್ಲದಿದ್ದರೆ ಗಾಳಿಗೆ ಬಂದ ಹೀಟರ್ ಸಿಡಿಯುತ್ತದೆ.

ಜಾಗ ಆರಿಸಿ. ನಡುವಿನ ಅಡ್ಡಪಟ್ಟಿಯ ಮೇಲೆ ಬೇಡ. ಅದರ ಪಕ್ಕದಲ್ಲಿ, ಹಿಂದಿನ ಗಾಜಿಗೆ. ಪಂಪ್‌ನಿಂದ ವಾಪಸ್ ಬರುವ ನೀರು ಇನ್ನೊಂದು ತುದಿಯಲ್ಲಿ ಬೀಳಲಿ. ಆಗ ಮೇಲಿನ ಜಿಡ್ಡು, ಉಳಿದ ಆಹಾರ, ಎಲೆ ಎಲ್ಲ ತೇಲಿಕೊಂಡು ಹಲ್ಲಿನ ಕಡೆಗೆ ಬರುತ್ತದೆ.

ಬಾಕ್ಸ್ ನೇತು ಹಾಕಿ ನೋಡಿ. ಫ್ರೇಮ್ ಹೊರಗೆ ಚಾಚಿರುವುದರಿಂದ ಹೊರ ಡಬ್ಬಿಯ ಮೇಲ್ಭಾಗ ಫ್ರೇಮ್‌ಗೆ ಒರಗಿ, ತಳಭಾಗ ಗಾಜಿನ ಕಡೆಗೆ ವಾಲುತ್ತದೆ. ಆಗ ಒಳಗಿನ ಹಲ್ಲಿನ ಸಾಲು ಗಾಜಿನ ಕಡೆ ಒಂದು ಮಟ್ಟ, ನೀರಿನ ಕಡೆ ಇನ್ನೊಂದು ಮಟ್ಟ ಆಗುತ್ತದೆ. ಇದಕ್ಕೆ ಮದ್ದು ಒಂದು ತುಂಡು ಅಕ್ರಿಲಿಕ್. ಫ್ರೇಮ್ ಎಷ್ಟು ಚಾಚಿದೆಯೋ ಅಷ್ಟೇ ದಪ್ಪದ್ದು. ನನಗೆ 5 ಮಿಲಿಮೀಟರ್ ಹಾಳೆಯ ಚೂರೇ ಸರಿಹೋಯಿತು. ಅದನ್ನು ಹೊರ ಡಬ್ಬಿಯ ಕೆಳಭಾಗಕ್ಕೂ ಗಾಜಿಗೂ ನಡುವೆ ಇಟ್ಟು ಅಂಟಿಸಿ. ಬಾಕ್ಸ್ ನೆಟ್ಟಗೆ ನಿಲ್ಲುತ್ತದೆ.

ಬಾಕ್ಸನ್ನು ಗಾಜಿಗೆ ಒತ್ತಿ ಹಿಡಿಯುವ ಬೋಲ್ಟ್‌ಗಳು ಇದ್ದರೆ ಅವುಗಳ ತುದಿ ಫ್ರೇಮ್‌ನ ಕೆಳಗಿನ ಗಾಜಿಗೆ ತಾಗಲಿ, ಪ್ಲಾಸ್ಟಿಕ್ ಅಂಚಿಗೆ ಬೇಡ. ತುದಿಗೆ ರಬ್ಬರ್ ವಾಷರ್ ಇಡಿ. ಕೈಯಲ್ಲಿ ತಿರುಗಿಸಿದಷ್ಟು ಸಾಕು, ಸ್ಪ್ಯಾನರ್ ಮುಟ್ಟಬೇಡಿ. ಇನ್ನೆರಡು ಬೋಲ್ಟ್‌ಗಳು ಎತ್ತರ ಹೊಂದಿಸಲು ಇರುತ್ತವೆ. ಅವುಗಳಿಂದ ಹಲ್ಲಿನ ಬುಡವನ್ನು ಗಾಜಿನ ಮೇಲಂಚಿನಿಂದ ಒಂದೂಮುಕ್ಕಾಲು ಇಂಚು ಕೆಳಗೆ ತನ್ನಿ. ಗಾರೆಯವರು ಬಳಸುವ ಸಣ್ಣ ರಸಮಟ್ಟ ಇಟ್ಟು ಎಡಬಲ ನೋಡಿ. ಒಂದು ಕಡೆ ಓರೆಯಾದರೆ ನೀರೆಲ್ಲ ಒಂದೇ ಮೂಲೆಯ ನಾಲ್ಕು ಹಲ್ಲಿನಿಂದ ಬೀಳುತ್ತದೆ.

ನೀರಿನ ಗೆರೆ ಫ್ರೇಮ್ ಹಿಂದೆ ಮುಚ್ಚಿಹೋಗಲಿ ಅಂತ ತುಂಬಾ ಜನ ಬಾಕ್ಸನ್ನು ಮೇಲೆ ಎತ್ತುತ್ತಾರೆ. ಚೆಂದ ಕಾಣುತ್ತದೆ, ನಿಜ. ನನಗೆ ಮಾತ್ರ ಅರ್ಧ ಇಂಚು ಕೆಳಗೆ ಗೆರೆ ಕಾಣುವುದೇ ಇಷ್ಟ. ಸೋಫಾದಲ್ಲಿ ಕೂತೇ ಮಟ್ಟ ಏರಿದೆಯೋ ಇಳಿದಿದೆಯೋ ಗೊತ್ತಾಗುತ್ತದೆ. ಮೇಲೆ ಉಳಿದ ಖಾಲಿ ಜಾಗ ಆಪತ್ತಿಗೂ ಆಗುತ್ತದೆ.

ಈಗ ಯು ಪೈಪ್. ಇಲ್ಲೇ ನಾನು ಎಡವಿದ್ದು.

ಬಾಕ್ಸನ್ನು ನಾನು ಒಂದು ಇಂಚು ಕೆಳಗೆ ಇಳಿಸಿದ್ದೆ, ಹಲ್ಲು ಫ್ರೇಮ್‌ಗಿಂತ ಕೆಳಗೆ ಬರಲಿ ಅಂತ. ಆದರೆ ಯು ಪೈಪ್ ಇಳಿಯಲಿಲ್ಲ. ಅದರ ಬಾಗು ಫ್ರೇಮ್ ಮೇಲೆಯೇ ಕೂತಿತ್ತು. ಡಬ್ಬಿಗಳು ಕೆಳಗೆ ಹೋದವು, ಪೈಪ್ ಮೇಲೆ ಉಳಿಯಿತು. ಕಾಲುಗಳು ಅಷ್ಟರಮಟ್ಟಿಗೆ ಗಿಡ್ಡ ಆದವು. ಪಂಪ್ ಓಡುವಾಗ ಒಳ ಡಬ್ಬಿಯಲ್ಲಿ ನೀರು ಜಾಸ್ತಿ ನಿಂತಿರುತ್ತದೆ, ಹಾಗಾಗಿ ತುದಿ ಮುಳುಗಿಯೇ ಇತ್ತು. ನಾಲ್ಕು ದಿನ ಚೆನ್ನಾಗಿ ಓಡಿತು. ಐದನೇ ರಾತ್ರಿ ಕರೆಂಟ್ ಹೋಯಿತು. ಒಳ ಡಬ್ಬಿಯ ನೀರು ಅಡ್ಡಗೋಡೆಯ ಮಟ್ಟಕ್ಕೆ ಇಳಿಯುತ್ತಿದ್ದಂತೆ ಪೈಪಿನ ತುದಿ ಗಾಳಿಗೆ ಬಂದು ಗೊಳಕ್ ಅಂತ ಗಾಳಿ ಕುಡಿದಿದೆ. ಯು ಪೈಪ್ ಖಾಲಿ. ಕರೆಂಟ್ ಬಂತು, ಪಂಪ್ ಶುರುವಾಯಿತು, ಸೈಫನ್ ಇಲ್ಲ. ಸಂಪ್‌ನಲ್ಲಿದ್ದ ನೀರೆಲ್ಲ ಮೇಲೆ ಬಂದು ತೊಟ್ಟಿ ಉಕ್ಕಿತು. ಎರಡು ಗಂಟೆಗೆ ನೀರು ಕುಡಿಯಲು ಎದ್ದವನು ಹಾಲ್‌ಗೆ ಕಾಲಿಟ್ಟರೆ ಪಚಕ್. ಚಾಪೆ ನೆಂದಿತ್ತು. ಟಿವಿ ಸ್ಟ್ಯಾಂಡಿನ ಕೆಳಗೆ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಒಂದು ಗೇಣು ದೂರಕ್ಕೆ ನೀರು ಬಂದು ನಿಂತಿತ್ತು. ಪಂಪ್ ನೀರಿಲ್ಲದೆ ಗರಗರ ಅನ್ನುತ್ತಿತ್ತು. ಮನೆಯವರು ಏನೂ ಹೇಳಲಿಲ್ಲ, ಒಂದು ಮಾಪ್ ತಂದು ಕೈಗೆ ಕೊಟ್ಟರು.

ಹಾಗಾಗಿ ಫ್ರೇಮ್ ಇರುವ ತೊಟ್ಟಿಗೆ ಯು ಪೈಪನ್ನು ಬಾಕ್ಸ್ ಜೊತೆ ಬಂದದ್ದು ಅಂತ ಕಣ್ಣು ಮುಚ್ಚಿ ಹಾಕಬೇಡಿ. ಬಾಕ್ಸ್ ಎತ್ತರ ಹೊಂದಿಸಿದ ಮೇಲೆ ಪೈಪ್ ಕೂರಿಸಿ, ತುದಿ ಎಲ್ಲಿಗೆ ಬರುತ್ತದೆ ಅಂತ ಹೊರ ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಅಡ್ಡಗೋಡೆಯ ಮೇಲಂಚಿಗೂ ಈ ಗೆರೆಗೂ 2 ಇಂಚು ಅಂತರ ಇಲ್ಲದಿದ್ದರೆ ಕಾಲು ಉದ್ದ ಇರುವ ಪೈಪ್ ಬೇಕು. ಎರಡೂ ಕಾಲು ಉದ್ದವಾಗಬೇಕು, ಒಂದೇ ಅಲ್ಲ. ತುದಿ ಡಬ್ಬಿಯ ತಳಕ್ಕೆ ಒತ್ತಿಕೊಳ್ಳಲೂ ಬಾರದು, ಮುಕ್ಕಾಲು ಇಂಚಾದರೂ ಸಂದು ಬಿಡಿ. ಮುಚ್ಚಳ ಪೈಪ್ ಮೇಲೆ ಕೂತು ಅದನ್ನು ಅಲುಗಾಡಿಸದಂತೆ ಮುಚ್ಚಳಕ್ಕೆ ಒಂದು ಕಚ್ಚು ಹಾಕಿ.

ಕೆಳಗಿನ ಪೈಪ್

ಟ್ಯಾಂಕ್ ನಿಪ್ಪಲ್‌ನ ರಬ್ಬರ್ ವಾಷರ್ ಡಬ್ಬಿಯ ಒಳಗಡೆ, ನೀರಿನ ಕಡೆ ಬರಲಿ. ನಟ್ ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು. ಜಾಸ್ತಿ ಬಿಗಿದರೆ ಅಕ್ರಿಲಿಕ್ ಸೀಳುತ್ತದೆ. ಪೈಪ್ ಆದಷ್ಟು ನೇರವಾಗಿ ಇಳಿಯಲಿ. ತಿರುವು ಬೇಕಾದ ಕಡೆ 90 ಡಿಗ್ರಿ ಎಲ್ಬೋ ಬದಲು ಎರಡು 45. ಅಡ್ಡಡ್ಡ ಮಲಗಿಸಿದ ಪೈಪ್‌ನಲ್ಲಿ ಗಾಳಿ ನಿಂತು ಗೊರ ಗೊರ ಅನ್ನುತ್ತದೆ. ಪೈಪಿನ ಭಾರ ಬಾಕ್ಸ್ ಮೇಲೆ ಬೀಳಬಾರದು, ಸ್ಟ್ಯಾಂಡಿಗೆ ಕ್ಲಾಂಪ್ ಹಾಕಿ ಹಿಡಿಸಿ. ಸಂಪ್‌ನಲ್ಲಿ ಪೈಪಿನ ತುದಿ ನೀರಿನೊಳಗೆ ಒಂದು ಇಂಚು ಮುಳುಗಿದರೆ ಸಾಕು. ಆಳಕ್ಕೆ ಇಳಿಸಿದರೆ ಗಾಳಿ ಹೊರಗೆ ಹೋಗಲಾಗದೆ ಬಿಟ್ಟು ಬಿಟ್ಟು ಉಗುಳುತ್ತದೆ.

ಸದ್ದು ಕಡಿಮೆ ಮಾಡಲು ಡರ್ಸೋ ಪೈಪ್ ಅನ್ನೋದು ಬಹಳ ಜನ ಬಳಸುವ ವಿಧಾನ. ಹೊರ ಡಬ್ಬಿಯಲ್ಲಿ ನಿಪ್ಪಲ್ ಮೇಲೆ ಒಂದು ಪೈಪ್ ನಿಲ್ಲಿಸಿ, ಅದರ ತಲೆಗೆ ಟೀ ಹಾಕಿ. ಟೀಯ ಪಕ್ಕದ ಬಾಯಿಗೆ ಕೆಳಮುಖವಾದ ಬೆಂಡ್. ಮೇಲಿನ ಬಾಯಿಗೆ ಕ್ಯಾಪ್. ಕ್ಯಾಪ್‌ಗೆ ಒಂದು ಸಣ್ಣ ತೂತು. ಆ ತೂತಿನಿಂದ ಗಾಳಿ ಹೋಗುತ್ತದೆ, ನೀರು ಗಲಾಟೆ ಮಾಡದೆ ಇಳಿಯುತ್ತದೆ. 3 ಮಿಲಿಮೀಟರ್‌ನಿಂದ ಶುರು ಮಾಡಿ, ಸದ್ದು ಕೇಳುತ್ತಾ ಸ್ವಲ್ಪ ಸ್ವಲ್ಪ ದೊಡ್ಡದು ಮಾಡಿ.

ಸಾಲ್ವೆಂಟ್ ಹಾಕಿದ ಮೇಲೆ ಒಂದು ದಿನ ಒಣಗಲು ಬಿಡಿ. ಮೀನಿನ ನೀರು ಅದು, ಅವಸರ ಬೇಡ.

ಕೆಳಗಿನ ತೊಟ್ಟಿಗೆ ಎಷ್ಟು ನೀರು ಇಳಿಯುತ್ತದೆ

ಕೋಟೆ ಹತ್ತಿದವರಿಗೆ ಗೊತ್ತು, ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಹೆಚ್ಚಿನ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ಮೇಲಿನದರ ಹೆಚ್ಚುವರಿ ಕೆಳಗಿನದು ಹಿಡಿಯಬೇಕು. ಕರೆಂಟ್ ಹೋದಾಗ ನಿಮ್ಮ ಸಂಪ್ ಮಾಡಬೇಕಾದ ಕೆಲಸವೂ ಇಷ್ಟೇ.

ನನ್ನ ತೊಟ್ಟಿಯಲ್ಲಿ ಒಂದು ಇಂಚು ನೀರು ಅಂದರೆ ಸುಮಾರು 9 ಲೀಟರ್. ಸಂಪ್ 24, 12, 15 ಇಂಚಿನದು. ಅದರಲ್ಲಿ ಒಂದು ಇಂಚು ಅಂದರೆ 4.7 ಲೀಟರ್. ಓಡುವಾಗ 9 ಇಂಚು ನೀರು ಇಟ್ಟರೆ ಮೇಲೆ 6 ಇಂಚು ಖಾಲಿ, ಅಂದರೆ 28 ಲೀಟರ್ ಜಾಗ.

ಈಗ ವಾಪಸ್ ಬರುವ ಪೈಪ್ ನೋಡಿ. ಅದರ ಬಾಯಿ ನೀರಿನ ಮೇಲ್ಮೈಯಿಂದ 4 ಇಂಚು ಆಳದಲ್ಲಿದ್ದರೆ, ಪಂಪ್ ನಿಂತ ಕೂಡಲೇ ಅದೇ ಪೈಪ್ ಉಲ್ಟಾ ಸೈಫನ್ ಆಗಿ 4 ಇಂಚು ನೀರನ್ನು ಕೆಳಗೆ ಎಳೆಯುತ್ತದೆ. 36 ಲೀಟರ್. ಜಾಗ ಇರುವುದು 28ಕ್ಕೆ. ಉಳಿದ 8 ಲೀಟರ್ ನೆಲಕ್ಕೆ. ಬಾಯಿಯನ್ನು ಒಂದು ಇಂಚಿಗೆ ತನ್ನಿ. 9 ಲೀಟರ್, ಪೈಪಿನ ನೀರು ಒಂದೆರಡು ಲೀಟರ್, ಆರಾಮ. ನೀರಿನ ಮಟ್ಟದ ಸ್ವಲ್ಪ ಕೆಳಗೆ ಪೈಪ್‌ಗೆ ಒಂದು ಸಣ್ಣ ತೂತನ್ನೂ ಹೊಡೆಯಿರಿ, ಗಾಳಿ ಎಳೆದು ಸೈಫನ್ ಕಡಿಯಲಿ. ಒಮ್ಮುಖ ವಾಲ್ವ್ ಹಾಕಿದರೆ ಆಯ್ತು ಅಂತ ಹೇಳುವವರಿದ್ದಾರೆ. ಒಂದು ಮರಳಿನ ಕಣ, ಒಂದು ಎಲೆ ಚೂರು ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ. ಅದನ್ನು ನಂಬಿ ಮಲಗಬೇಡಿ.

ಎರಡನೇ ಲೆಕ್ಕ ನನ್ನ ಹಾಲ್ ಕಲಿಸಿದ್ದು. ಸೈಫನ್ ಕಡಿದರೆ ಪಂಪ್ ಎಷ್ಟು ನೀರು ಮೇಲೆ ತಳ್ಳಬಲ್ಲದು? ತೊಟ್ಟಿಯಲ್ಲಿ ಓಡುವ ನೀರಿನ ಮೇಲೆ ಒಂದೂವರೆ ಇಂಚು ಖಾಲಿ ಇದೆ, ಅಂದರೆ 13 ಲೀಟರ್. ಪಂಪ್ ಇರುವ ಕೋಣೆಯಲ್ಲಿ ಅದಕ್ಕಿಂತ ಕಡಿಮೆ ನೀರು ಇರಬೇಕು. ಮೊದಲು ನನ್ನ ಸಂಪ್‌ನಲ್ಲಿ ಕೋಣೆಗಳೇ ಇರಲಿಲ್ಲ, ಇದ್ದ ನೀರೆಲ್ಲ ಪಂಪ್‌ಗೆ ಸಿಗುತ್ತಿತ್ತು. ಆಮೇಲೆ ಗಾಜಿನ ಅಡ್ಡಪಟ್ಟಿ ಅಂಟಿಸಿ 8 ಇಂಚು ಉದ್ದದ ಕೋಣೆ ಮಾಡಿದೆ. 9 ಇಂಚು ನೀರಿಗೆ 14 ಲೀಟರ್, ಪಂಪ್ ಬಾಯಿಗೆ ಸಿಗದ ತಳದ 2 ಇಂಚು ಕಳೆದರೆ 11. ಈಗ ಸೈಫನ್ ಸತ್ತರೂ ನೀರು ಫ್ರೇಮ್‌ವರೆಗೆ ಬಂದು ನಿಲ್ಲುತ್ತದೆ. ನೀರಿಲ್ಲದೆ ಓಡಿದರೆ ಪಂಪ್ ಸುಡಬಹುದು, ಅದಕ್ಕೆ ನೀರು ಇಳಿದರೆ ಪಂಪ್ ಆರಿಸುವ ಒಂದು ಫ್ಲೋಟ್ ಸ್ವಿಚ್ ಹಾಕಿದ್ದೇನೆ. ಪಂಪ್ ಸುಟ್ಟರೆ ಹೊಸದು ಬರುತ್ತದೆ, ಮನೆಯಲ್ಲಿ ಹೋದ ಮಾನ ಬರುವುದಿಲ್ಲ.

ಸೈಫನ್ ಶುರು ಮಾಡುವುದು

ಎರಡೂ ಡಬ್ಬಿಗೆ ಚೊಂಬಿನಲ್ಲಿ ನೀರು ತುಂಬಿ. ಯು ಪೈಪನ್ನು ಕೂರಿಸುವ ಮೊದಲು ಏರ್ ಪಂಪ್‌ಗೆ ಹಾಕುವ ತೆಳು ಟ್ಯೂಬಿನ ತುದಿಯನ್ನು ಅದರ ಕಾಲಿನೊಳಗೆ ತೂರಿಸಿ, ನೆತ್ತಿಯವರೆಗೆ ತಳ್ಳಿ. ಆಮೇಲೆ ಪೈಪ್ ಕೂರಿಸಿ. ಇನ್ನೊಂದು ತುದಿಗೆ 50 ಮಿಲಿಲೀಟರ್ ಸಿರಿಂಜ್ ಹಾಕಿ ಗಾಳಿ ಎಳೆಯಿರಿ. ಪ್ರತಿ ಸಲ ಸಿರಿಂಜ್ ಬಿಚ್ಚುವಾಗ ಟ್ಯೂಬನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಬಾಯಲ್ಲೂ ಎಳೆಯಬಹುದು, ಆದರೆ ಮೀನಿನ ನೀರಿನ ರುಚಿ ಮರೆಯಲು ಎರಡು ಲೋಟ ಟೀ ಬೇಕಾಗುತ್ತದೆ. ಎರಡೂ ಕಾಲಿನಲ್ಲಿ ನೀರು ಮೇಲೇರಿ ನೆತ್ತಿಯಲ್ಲಿ ಕೂಡುವುದು ಕಾಣುತ್ತದೆ. ಒಂದು ಕಡಲೆ ಗಾತ್ರದ ಗುಳ್ಳೆಯೂ ಉಳಿಯಬಾರದು. ಆಮೇಲೆ ಟ್ಯೂಬನ್ನು ಒತ್ತಿ ಹಿಡಿದೇ ಹೊರಗೆ ಎಳೆಯಿರಿ. ಪಂಪ್ ಹಾಕಿ.

ಈಗ ಪರೀಕ್ಷೆ. ಇದನ್ನು ಭಾನುವಾರ ಬೆಳಗ್ಗೆ ಇಟ್ಟುಕೊಳ್ಳಿ. ಮೊದಲು ಅರ್ಧ ಗಂಟೆ ಓಡಿಸಿ, ಸಂಪ್‌ನ ನೀರಿನ ಮಟ್ಟಕ್ಕೆ ಗೆರೆ ಹಾಕಿ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ನೀರು ಇಳಿದು ನಿಂತ ಮೇಲೆ ಸಂಪ್‌ಗೆ ಇನ್ನೊಂದು ಗೆರೆ. ಯು ಪೈಪಿನ ತುದಿ ಮುಳುಗಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಮತ್ತೆ ಪ್ಲಗ್ ಹಾಕಿ. ಇದನ್ನೇ ಹತ್ತು ಸಲ. ಒಂದೇ ಸಲ ನೋಡಿ ಬಿಟ್ಟರೆ ಅದು ಅದೃಷ್ಟವೋ ಅಳತೆಯೋ ಗೊತ್ತಾಗುವುದಿಲ್ಲ. ಒಮ್ಮೆ ಎರಡು ಗಂಟೆ ಹೊತ್ತು ಆರಿಸಿಯೂ ನೋಡಿ. ಕರೆಂಟ್ ಹತ್ತು ನಿಮಿಷಕ್ಕೇ ಬರುತ್ತದೆ ಅಂತ ಏನೂ ಬರೆದುಕೊಟ್ಟಿಲ್ಲ ಅಲ್ವಾ.

ಕೊನೆಗೆ ಧೈರ್ಯದ ಪರೀಕ್ಷೆ. ಪಂಪ್ ಓಡುತ್ತಿರುವಾಗಲೇ ಯು ಪೈಪನ್ನು ಎತ್ತಿ ಹೊರಗಿಡಿ. ಪಕ್ಕದಲ್ಲಿ ಟವೆಲ್ ಇರಲಿ, ಒಂದು ಕೈ ಸ್ವಿಚ್ ಮೇಲೆ ಇರಲಿ, ಕೈ ಒಣಗಿರಲಿ. ತೊಟ್ಟಿ ಉಕ್ಕುವ ಮೊದಲು ಪಂಪ್ ಕೋಣೆ ಖಾಲಿಯಾದರೆ ನಿಮ್ಮ ಲೆಕ್ಕ ಸರಿ. ಉಕ್ಕುವ ಹಾಗೆ ಕಂಡರೆ ಆರಿಸಿ, ಸಂಪ್‌ನಿಂದ ನೀರು ತೆಗೆದು ಮತ್ತೆ ಮಾಡಿ.

ಇನ್ವರ್ಟರ್‌ಗೆ ಪಂಪ್ ಕೊಟ್ಟುಬಿಟ್ಟರೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಕೊಡಿ, ಮೀನಿಗೆ ಒಳ್ಳೆಯದು. ಆದರೆ ಬ್ಯಾಟರಿಯೂ ಒಂದು ದಿನ ಕೈ ಕೊಡುತ್ತದೆ. ಪರೀಕ್ಷೆ ಮುಗಿಸಿದ ಮೇಲೆ ಕೊಡಿ. ಪ್ಲಗ್‌ನ ವೈರ್ ಸಾಕೆಟ್‌ಗಿಂತ ಕೆಳಗೆ ಒಂದು ಸಲ ಜೋತು ಬಿದ್ದು ಮೇಲೆ ಹೋಗಲಿ, ವೈರ್ ಹಿಡಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕರೆಂಟ್ ಸೋರಿದರೆ ತಾನೇ ಆರಿಹೋಗುವ ಸ್ವಿಚ್, ಅಂದರೆ ಆರ್‌ಸಿಸಿಬಿ, ಮನೆಗೆ ಇಲ್ಲದಿದ್ದರೆ ಬಾಕ್ಸ್‌ಗಿಂತ ಮೊದಲು ಅದನ್ನು ಹಾಕಿಸಿ.

ಆಮೇಲೆ

ನಮ್ಮ ಕಡೆಯ ಬೋರ್ ನೀರು ಗಡುಸು. ಹಲ್ಲಿನ ಸಂದುಗಳಲ್ಲಿ ಎರಡು ಮೂರು ತಿಂಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಸಂದು ಸಣ್ಣದಾದಷ್ಟೂ ತೊಟ್ಟಿಯ ನೀರು ಮೇಲೇರುತ್ತದೆ. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಿನಲ್ಲಿ ಒಳ ಡಬ್ಬಿಯನ್ನು ಅರ್ಧ ಗಂಟೆ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ಚೆನ್ನಾಗಿ ತೊಳೆದು ವಾಪಸ್ ಹಾಕಿ. ಸೋಪು ಮುಟ್ಟಿಸಬೇಡಿ. ಯು ಪೈಪಿಗೆ ಮಗುವಿನ ಹಾಲಿನ ಬಾಟಲಿ ಬ್ರಷ್ ಸರಿಯಾಗುತ್ತದೆ. ಒಳಗೆ ಪಾಚಿ ಬೆಳೆದರೆ ಅದಕ್ಕೆ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಬೇಸಿಗೆಯಲ್ಲಿ ನೀರು ಆವಿಯಾಗುವುದು ಪಂಪ್ ಕೋಣೆಯಲ್ಲೇ ಕಾಣುತ್ತದೆ, ತೊಟ್ಟಿಯಲ್ಲಲ್ಲ. ಏಪ್ರಿಲ್‌ನಲ್ಲಿ ನಾನು ದಿನಾ ಬೆಳಗ್ಗೆ ಒಂದೆರಡು ಚೊಂಬು ಹಾಕುತ್ತೇನೆ, ಗೆರೆವರೆಗೆ ಮಾತ್ರ. ಗೆರೆ ದಾಟಿಸಿದರೆ 11 ಲೀಟರ್‌ನ ಲೆಕ್ಕ ಕೆಡುತ್ತದೆ.

ಬಸವನಹುಳುಗಳಿದ್ದರೆ ಹಲ್ಲಿನ ಮುಂದೆ ಸ್ಪಂಜಿನ ಪಟ್ಟಿ ಇಡುವ ಆಸೆಯಾಗುತ್ತದೆ. ಇಡಬೇಡಿ, ಸ್ಪಂಜು ಕಟ್ಟಿಕೊಂಡರೆ ಕೋಡಿಯೇ ಮುಚ್ಚಿದಂತೆ. ಅದರ ಬದಲು ಒಳ ಡಬ್ಬಿಯಲ್ಲಿ ಪೈಪಿನ ತುದಿಗೆ ದೊಡ್ಡ ಕಣ್ಣಿನ ಜಾಲರಿ ಸಿಕ್ಕಿಸಿ, ವಾರಕ್ಕೊಮ್ಮೆ ನೋಡಿ. ಗಪ್ಪಿ ಮರಿಗಳು ಹೇಗೂ ಹಲ್ಲಿನ ಸಂದಿನಿಂದ ನುಸುಳುತ್ತವೆ. ಪಕ್ಕದ ಮನೆ ಹುಡುಗ ಕೊಟ್ಟ ನಾಲ್ಕು ಗಪ್ಪಿಗಳನ್ನು ಏಂಜೆಲ್‌ಗಳು ತಿಂದು ಮುಗಿಸಿದವು ಅಂತ ನಾನು ಅಂದುಕೊಂಡಿದ್ದೆ. ಕಳೆದ ತಿಂಗಳು ಸಂಪ್‌ನ ಸ್ಪಂಜು ತೊಳೆಯಲು ಎತ್ತಿದರೆ ಅದರ ಕೆಳಗೆ ಹದಿನೇಳು ಮರಿಗಳು, ಕೊಬ್ಬಿ ಓಡಾಡುತ್ತಿದ್ದವು.